ಅಕ್ಕಿ ಮನೆಯಿಂದ ಮೆಣಸಿನಕಾಯಿ ಮನೆಗೆ

ಗದಗ, ಹುಬ್ಬಳ್ಳಿ, ಬಾಗಲಕೋಟೆ ಕಡೆಯ ಮದುವೆ ಮನೆಯಲ್ಲಿ ಸುಮ್ಮನೆ ಕಿವಿಗೊಟ್ಟು ಕೂತರೆ ಸಂತೆಯಲ್ಲಿ ಕೂತ ಹಾಗೆ ಇರುತ್ತದೆ. ಅಕ್ಕಿಯವರು ಬಂದರು, ಉಳ್ಳಾಗಡ್ಡಿಯವರು ಊಟಕ್ಕೆ ಕೂತರು, ಬೆಲ್ಲದವರು ಮುಯ್ಯಿ ಬರೆಸಿದರು, ಉಪ್ಪಿನವರಿಗೆ ಇನ್ನೂ ಎಲೆ ಹಾಕಿಲ್ಲ. ನಾನು ಹುಟ್ಟಿದ್ದು ಅಕ್ಕಿ ಮನೆತನದಲ್ಲಿ, ಸೇರಿದ್ದು ಮೆಣಸಿನಕಾಯಿ ಮನೆತನವನ್ನು. ನಮ್ಮ ಮದುವೆಯಲ್ಲಿ ಮಾವನವರ ಗೆಳೆಯರೊಬ್ಬರು, "ಇನ್ನ ಉಪ್ಪಿನವರ ಬೀಗತನಾನೂ ಆದ್ರ ಚಿತ್ರಾನ್ನ ತಯಾರಾತು ನೋಡ್ರಿ" ಅಂದಿದ್ದರು. ಊರಲ್ಲಿ ಇದು ನಗೆಚಾಟಿಕೆ ಅಷ್ಟೇ. ಅಲ್ಲಿ ಯಾರಿಗೂ ಈ ಹೆಸರುಗಳು ವಿಚಿತ್ರ ಅನಿಸುವುದಿಲ್ಲ.

ನಿಗಡಿಯಲ್ಲಿ ಹಾಗಲ್ಲ. ನಮ್ಮದು ಪ್ರಾಧಿಕರಣದೊಳಗಿನ ಹಳೆಯ ಸೊಸೈಟಿ. ಕೆಳಗಿನ ನಾಮಫಲಕದಲ್ಲಿ ಜೋಶಿ, ಪವಾರ, ಕುಲಕರ್ಣಿ, ಶಿಂದೆ, ನಾಯರ್ ಎಲ್ಲ ಆದ ಮೇಲೆ ನಮ್ಮ ಹೆಸರು ಎರಡು ಸಾಲು ಹಿಡಿದಿದೆ. ಕೊರಿಯರ್ ಹುಡುಗ ಅದನ್ನು ಓದುವ ಸಾಹಸಕ್ಕೇ ಹೋಗುವುದಿಲ್ಲ, "ಮೆನನ್ ಆಂಟಿ" ಅಂತಲೇ ಕೂಗುತ್ತಾನೆ. ಮಾವನವರು 1978ರಲ್ಲಿ ಆಕುರ್ಡಿಯ ಒಂದು ಕಾರ್ಖಾನೆಗೆ ಸೇರಿದಾಗ ಗೇಟ್ ಪಾಸ್ ಬರೆಯುವವನು, "ಗದಗಕರ ಅಂತ ಬರೀತೀನಿ, ಸುಲಭ ಆಗ್ತದೆ" ಅಂದನಂತೆ. ಮಾವನವರು ಒಪ್ಪಲಿಲ್ಲ. ಒಪ್ಪಿದವರೂ ಎಷ್ಟೋ ಜನ ಇದ್ದಾರೆ, ಅವರ ಮೊಮ್ಮಕ್ಕಳು ಇವತ್ತು ಮರಾಠಿಯವರೇ.

ಈ ವಿಷಯ ಈಗ ಬಂದದ್ದು ಮಗಳಿಂದ. ಮುಂದಿನ ವರ್ಷ ಹತ್ತನೇ ಇಯತ್ತೆ. ಬೋರ್ಡ್ ಪರೀಕ್ಷೆಯ ಪ್ರಮಾಣಪತ್ರದಲ್ಲಿ ಅಚ್ಚಾದ ಹೆಸರೇ ಮುಂದೆ ಎಲ್ಲ ಕಾಗದಕ್ಕೂ ಆಧಾರ. ವರ್ಗದಲ್ಲಿ ಅವಳನ್ನು ಮೊದಲಿನಿಂದಲೂ ಮಿರ್ಚಿ ಅನ್ನುತ್ತಾರೆ. ಚಿಕ್ಕವಳಿದ್ದಾಗ ಅವಳೂ ನಗುತ್ತಿದ್ದಳು, ಈಗ ನಗುವುದಿಲ್ಲ. ಒಂದು ರಾತ್ರಿ ಊಟಕ್ಕೆ ಕೂತಾಗ, "ಅಮ್ಮಾ, ಗೆಝೆಟ್‌ನಾಗ ಹಾಕ್ಸಿ ಅಡ್ಡಹೆಸರು ಬದಲ್ ಮಾಡೂಣು. ಇದೇನ್ ನಮ್ಮ ರಕ್ತದಾಗ ಐತೇನು?" ಅಂದಳು. ಅಜ್ಜ ತಾಟು ಬಿಟ್ಟು ಎದ್ದರು. ಎರಡು ದಿನ ಮೊಮ್ಮಗಳ ಜೊತೆ ಮಾತಿಲ್ಲ.

ರಕ್ತದಲ್ಲಿ ಇದೆಯೇ ಎನ್ನುವ ಪ್ರಶ್ನೆಗೆ ಉತ್ತರ ಹುಡುಕುವುದು ನನ್ನ ಪಾಲಿಗೆ ಬಂತು. ಹುಡುಕುತ್ತ ಹೋದವಳಿಗೆ ಸಿಕ್ಕವನು ಒಬ್ಬ ಫ್ರೆಂಚ್ ಮನುಷ್ಯ, ಹೆಸರು ಪಿಯರ್ ಪ್ವಾವ್ರ್. ಫ್ರೆಂಚಿನಲ್ಲಿ ಪ್ವಾವ್ರ್ ಅಂದರೆ ಕಾಳುಮೆಣಸು. ಅಂದರೆ ಮೆಣಸಿನವರು! ಹಿಂದೆ ಮೆಣಸು ಮಾರುತ್ತಿದ್ದವನಿಗೆ ಬಿದ್ದ ಹೆಸರು ವಂಶಕ್ಕೆ ಅಂಟಿಕೊಂಡಿತು ಎನ್ನುವುದು ಈ ಹೆಸರಿಗೆ ಕೊಡುವ ಸಾಮಾನ್ಯ ವಿವರಣೆ. ಈತ ಹುಟ್ಟಿದ್ದು 1719ರಲ್ಲಿ, ಲಿಯೋನ್ ನಗರದಲ್ಲಿ. 1745ರಲ್ಲಿ ಇಂಗ್ಲಿಷರ ಜೊತೆ ನಡೆದ ಸಮುದ್ರ ಕಾಳಗದಲ್ಲಿ ಬಲಗೈ ಕಳೆದುಕೊಂಡ. ಆಮೇಲೆ ಬಟಾವಿಯಾದಲ್ಲಿ, ಅಂದರೆ ಇಂದಿನ ಜಕಾರ್ತಾದಲ್ಲಿ ಇದ್ದಾಗ ಡಚ್ಚರು ಲವಂಗ, ಜಾಯಿಕಾಯಿಗಳನ್ನು ಹೇಗೆ ಬಿಗಿಮುಷ್ಟಿಯಲ್ಲಿ ಹಿಡಿದಿದ್ದಾರೆ ಎಂದು ನೋಡಿದ. 1767ರಿಂದ 1772ರವರೆಗೆ ಮಾರಿಷಸ್‌ನ ಫ್ರೆಂಚ್ ಆಡಳಿತಗಾರನಾಗಿದ್ದಾಗ ಆ ಸಸಿಗಳನ್ನು ಕದ್ದು ತರಿಸಿ ಅಲ್ಲಿನ ಪಾಂಪ್ಲೆಮೂಸ್ ತೋಟದಲ್ಲಿ ನೆಡಿಸಿದ. ಹೆಸರು ಮೆಣಸು, ಕೆಲಸ ಸಾಂಬಾರ ಪದಾರ್ಥದ ಕಳ್ಳಸಾಗಣೆ! ಇಂಗ್ಲಿಷ್ ಮಕ್ಕಳ ನಾಲಿಗೆ ತೊಡರಿಸುವ ಪೀಟರ್ ಪೈಪರ್ ಪದ್ಯದವನು ಇವನೇ ಎಂಬ ಮಾತೂ ಇದೆ. ಮಾತು ಅಷ್ಟೇ, ಆದರೆ ಮಗಳಿಗೆ ಇಡೀ ಕಥೆಯಲ್ಲಿ ಹಿಡಿಸಿದ್ದು ಅದೊಂದೇ.

ಫ್ರಾನ್ಸಿನಲ್ಲಿ ಹೆಸರು ಅಂಟಿಕೊಂಡ ಬಗೆ ಬೇರೆ. 1539ರಲ್ಲಿ ರಾಜ ಒಂದನೆಯ ಫ್ರಾನ್ಸ್ವಾ ಹೊರಡಿಸಿದ ಆಜ್ಞೆಯಿಂದ ಚರ್ಚುಗಳು ಹುಟ್ಟಿದ ಮಕ್ಕಳ ದಾಖಲೆ ಇಡಬೇಕಾಯಿತು. ಕ್ರಾಂತಿಯ ಕಾಲದಲ್ಲಿ, 1794ರಲ್ಲಿ, ಜನನ ದಾಖಲೆಯಲ್ಲಿ ಇರುವ ಹೆಸರನ್ನು ಬಿಟ್ಟು ಬೇರೆ ಹೆಸರು ಇಟ್ಟುಕೊಳ್ಳಬಾರದು ಎಂಬ ಕಾನೂನು ಬಂತು. ಅಲ್ಲಿಗೆ ಹೆಸರಿಗೆ ಬೀಗ ಬಿತ್ತು. ನಮ್ಮಲ್ಲಿ ಬೀಗ ಹಾಕಿದವರು ಯಾರೂ ಇಲ್ಲ. ಅಪ್ಪ ಮೆಣಸಿನಕಾಯಿ ಮಾರುತ್ತಿದ್ದ, ಮಗ ಅಂಗಡಿ ಇಟ್ಟ, ಮೊಮ್ಮಗ ಅಂಗಡಿಯವರ ಮನೆಯವನಾದ ಎನ್ನುವುದು ನಮ್ಮ ಕಡೆ ಸಹಜವಾಗಿ ನಡೆದುಹೋಗುತ್ತಿತ್ತು. ಹಳೇ ಮೈಸೂರಿನವರಿಗಂತೂ ಅಡ್ಡಹೆಸರಿನ ಗೊಡವೆಯೇ ಇರಲಿಲ್ಲ. ಊರಿನದೊಂದು, ಅಪ್ಪನದೊಂದು ಇನಿಷಿಯಲ್, ಮುಗಿಯಿತು. ಅವರ ಗೋಳು ಶುರುವಾಗುವುದು ಬ್ಯಾಂಕಿನ ಕಂಪ್ಯೂಟರ್ ಕಡೆಯ ಹೆಸರು ಕೇಳಿದಾಗ.

ನಮ್ಮ ಹೆಸರಿನ ಬಗ್ಗೆ ಒಂದು ಮಾತನ್ನು ಮಾತ್ರ ನಾನು ಧೈರ್ಯವಾಗಿ ಹೇಳಬಲ್ಲೆ. ಅದು ಐದುನೂರು ವರ್ಷಕ್ಕಿಂತ ಹಳೆಯದಾಗಿರಲು ಸಾಧ್ಯವಿಲ್ಲ. ಏಕೆಂದರೆ ಅದಕ್ಕೆ ಮೊದಲು ಈ ನೆಲದಲ್ಲಿ ಮೆಣಸಿನಕಾಯಿಯೇ ಇರಲಿಲ್ಲ. ಅದು ಅಮೆರಿಕ ಖಂಡದ ಗಿಡ. ಕೊಲಂಬಸ್ 1492ರಲ್ಲಿ ಅತ್ತ ಹೋದ, ವಾಸ್ಕೋ ಡ ಗಾಮ 1498ರಲ್ಲಿ ಇತ್ತ ಬಂದ, 1510ರಲ್ಲಿ ಗೋವಾ ಪೋರ್ಚುಗೀಸರ ಕೈಸೇರಿತು. ಅವರ ಹಡಗಿನಲ್ಲಿ ಈ ಕಾಯಿ ಬಂತು. ನಮ್ಮವರಿಗೆ ಖಾರ ಅಂದರೆ ಅಲ್ಲಿಯವರೆಗೆ ಮೆಣಸು. ಅದಕ್ಕೇ ಹೊಸದಕ್ಕೆ ಮೆಣಸಿನ ಕಾಯಿ ಅಂದರು, ಹಳೆಯದು ಕಾಳುಮೆಣಸಾಗಿ ಹಿಂದೆ ಸರಿಯಿತು. ಮರಾಠಿಯಲ್ಲೂ ಹೀಗೇ, ಮಿರೇ ಇದ್ದದ್ದರ ಪಕ್ಕಕ್ಕೆ ಮಿರ್ಚಿ ಬಂತು. ಫ್ರೆಂಚರು ದೊಣ್ಣೆ ಮೆಣಸಿನಕಾಯಿಯನ್ನು ಪ್ವಾವ್ರೋಂ ಅಂದರು. ಪೋರ್ಚುಗೀಸರು ಬಂದಿದ್ದು ನಮ್ಮ ಮೆಣಸಿಗಾಗಿ. ಗೇರುಸೊಪ್ಪೆಯ ಚೆನ್ನಭೈರಾದೇವಿಯನ್ನು ಅವರು ಮೆಣಸಿನ ರಾಣಿ ಎಂದು ಕರೆದದ್ದು ಸುಮ್ಮನೆ ಅಲ್ಲ. ಮೆಣಸು ಒಯ್ಯಲು ಬಂದವರು ಮೆಣಸಿನಕಾಯಿ ಬಿಟ್ಟುಹೋದರು. ಬಂದ ಗಿಡ ಬ್ಯಾಡಗಿಯ ಕಪ್ಪು ಮಣ್ಣಿಗೆ ಎಷ್ಟು ಒಗ್ಗಿತೆಂದರೆ, ಮೈಯೆಲ್ಲ ಸುಕ್ಕುಗಟ್ಟಿದ ಆ ಕೆಂಪು ಕಾಯಿ ಇಲ್ಲದೆ ಧಾರವಾಡ ಕಡೆಯ ಮಸಾಲೆ ಖಾರವನ್ನು ಈಗ ನೆನೆಸಿಕೊಳ್ಳುವುದೂ ಕಷ್ಟ. ಅಂದಹಾಗೆ ಬ್ಯಾಡಗಿ ಹೆಸರಾಗಿರುವುದು ಬಣ್ಣಕ್ಕೆ, ಖಾರಕ್ಕಲ್ಲ. ಇದನ್ನು ಮಗಳ ವರ್ಗದವರಿಗೆ ಯಾರಾದರೂ ಹೇಳಬೇಕು.

ಇನ್ನು ರಕ್ತದ ಮಾತು. ಗಂಡಸರಲ್ಲಿ ವೈ ಕ್ರೋಮೋಸೋಮ್ ಎಂಬುದೊಂದು ಇರುತ್ತದೆ. ಅದು ಅಪ್ಪನಿಂದ ಮಗನಿಗೆ, ಮಗನಿಂದ ಮೊಮ್ಮಗನಿಗೆ ಹೆಚ್ಚು ಬದಲಾಗದೆ ಇಳಿಯುತ್ತದೆ. ಅಡ್ಡಹೆಸರೂ ಇಳಿಯುವುದು ಅದೇ ದಾರಿಯಲ್ಲಿ. ಹಾಗಾದರೆ ಎರಡೂ ಜೊತೆಯಾಗಿ ಬರುತ್ತವೆಯೇ? ಆಕ್ಸ್‌ಫರ್ಡಿನ ಬ್ರಯನ್ ಸೈಕ್ಸ್ ಎಂಬ ವಿಜ್ಞಾನಿ ತಮ್ಮದೇ ಅಡ್ಡಹೆಸರಿನ 48 ಗಂಡಸರನ್ನು ಪರೀಕ್ಷಿಸಿ 2000ದಲ್ಲಿ ಫಲಿತಾಂಶ ಪ್ರಕಟಿಸಿದರು. ಹೆಚ್ಚುಕಡಿಮೆ ಅರ್ಧದಷ್ಟು ಜನರಲ್ಲಿ ಒಂದೇ ಬಗೆಯ ವೈ ಸಿಕ್ಕಿತು. ಉಳಿದವರ ಮನೆಗಳಲ್ಲಿ ಎಲ್ಲೋ ಒಂದು ಕಡೆ ದತ್ತಕ ಆಗಿರಬಹುದು, ಹೆಂಡತಿ ಕಡೆಯ ಹೆಸರು ಹಿಡಿದಿರಬಹುದು, ಅಥವಾ ಯಾರೂ ಬಾಯಿಬಿಡದ ಮತ್ತೇನೋ ಇರಬಹುದು. ಆಮೇಲೆ ಲೆಸ್ಟರ್ ವಿಶ್ವವಿದ್ಯಾಲಯದ ಟೂರಿ ಕಿಂಗ್ ಮತ್ತು ಮಾರ್ಕ್ ಜಾಬ್ಲಿಂಗ್ 40 ಅಡ್ಡಹೆಸರುಗಳ 1,678 ಗಂಡಸರನ್ನು ನೋಡಿ 2009ರಲ್ಲಿ ಬರೆದದ್ದು ಇನ್ನೂ ಸ್ವಾರಸ್ಯವಾಗಿದೆ. ಅಟೆನ್‌ಬರೊ ತರಹದ ಅಪರೂಪದ ಹೆಸರಿನವರಲ್ಲಿ ಬಹುಪಾಲು ಜನ ಒಬ್ಬನೇ ಮೂಲಪುರುಷನ ಕಡೆಗೆ ಹೋಗುತ್ತಾರೆ. ಸ್ಮಿತ್, ಅಂದರೆ ಕಮ್ಮಾರ ಎಂಬ ಹೆಸರಿನವರಲ್ಲಿ ಅಂಥ ನಂಟೇ ಇಲ್ಲ. ದಾರಿಯಲ್ಲಿ ಹೋಗುವ ಯಾವ ಇಬ್ಬರನ್ನು ಹಿಡಿದರೂ ಅಷ್ಟೇ. ಕಾರಣ ಸರಳ, ಊರೂರಿಗೂ ಒಬ್ಬ ಕಮ್ಮಾರ ಇದ್ದ.

ನಮ್ಮ ಊರೂರಿಗೂ ಒಬ್ಬ ಮೆಣಸಿನಕಾಯಿ ಮಾರುವವನಿದ್ದ. ಆದ್ದರಿಂದ ಗದಗಿನ ಮೆಣಸಿನಕಾಯಿಗೂ ಹಾವೇರಿಯ ಮೆಣಸಿನಕಾಯಿಗೂ ರಕ್ತಸಂಬಂಧ ಇರಲೇಬೇಕಿಲ್ಲ. ಪಾಟೀಲರನ್ನು ನೋಡಿ, ಲಿಂಗಾಯತರಲ್ಲಿದ್ದಾರೆ, ಮರಾಠರಲ್ಲಿದ್ದಾರೆ, ಜೈನರಲ್ಲಿದ್ದಾರೆ, ಮುಸಲ್ಮಾನರಲ್ಲೂ ಇದ್ದಾರೆ. ಅದು ಊರಿನ ಹುದ್ದೆ, ವಂಶವಲ್ಲ. ಕುಲಕರ್ಣಿಯವರ ಹುಡುಗಿ ಕುಲಕರ್ಣಿಯವರ ಮನೆಗೆ ಸೊಸೆಯಾಗಿ ಹೋಗುತ್ತಾಳೆ, ಗೋತ್ರ ಬೇರೆ ಇದ್ದರೆ ಯಾರೂ ಹುಬ್ಬೇರಿಸುವುದಿಲ್ಲ. ಲೆಕ್ಕ ಬರೆಯುವ ಆ ವತನ 1950ರ ಮುಂಬಯಿ ಕಾಯ್ದೆಯಿಂದ ಹೋಯಿತು, ಹೆಸರು ಉಳಿಯಿತು.

ಹೆಸರು ವಂಶದ ಗುರುತಲ್ಲ ಅಂದರೆ ಮತ್ತೆ ಯಾವುದರದು? ಸಂಗೀತಗಾರರನ್ನು ನೆನೆದರೆ ಸ್ವಲ್ಪ ಹೊಳೆಯುತ್ತದೆ. ಪುಣೆಯಲ್ಲಿ 1953ರಿಂದ ಯಾರ ಹೆಸರಲ್ಲಿ ಉತ್ಸವ ನಡೆಯುತ್ತಿದೆಯೋ ಆ ಸವಾಯಿ ಗಂಧರ್ವರು ಮನೆತನದಿಂದ ಸವಂಶಿ, ಮರಾಠಿ ರಂಗಭೂಮಿಗೆ ರಾಮಭಾವು ಕುಂದಗೋಳಕರ. ಕುಂದಗೋಳದಲ್ಲೇ ಇದ್ದವನನ್ನು ಕುಂದಗೋಳಕರ ಅಂತ ಯಾರು ಕರೆಯುತ್ತಾರೆ? ಬೀಳಗಿಯ ಅಮೀರಬಾಯಿ ಮುಂಬಯಿಗೆ ಹೋಗಿ ಹಿಂದಿ ಸಿನಿಮಾದಲ್ಲಿ ಹಾಡಿದಾಗ ಅಮೀರಬಾಯಿ ಕರ್ನಾಟಕಿ ಆದರು. ಫ್ರಾನ್ಸಿನಲ್ಲೂ ಇಂಥವರ ಸಾಲೇ ಇದೆ. ಬ್ರಿಟನಿಯಿಂದ ಬಂದವ ಲೆಬ್ರೆಟೋಂ, ಪಿಕಾರ್ಡಿಯಿಂದ ಬಂದವ ಪಿಕಾರ್, ಇಂಗ್ಲಿಷ್ ಮನುಷ್ಯ ಲಾಂಗ್ಲ್ವಾ. ಇವೆಲ್ಲ ಊರು ಬಿಟ್ಟವರಿಗೆ ಹೊಸ ಊರಿನವರು ಇಟ್ಟ ಹೆಸರುಗಳು. ಗೇಟ್ ಪಾಸ್‌ನವನು ಮಾವನವರಿಗೆ ಕೊಡಲು ಹೊರಟದ್ದೂ ಅದನ್ನೇ.

ಇದೆಲ್ಲ ಹೇಳಿದ ಮೇಲೆ ಮಗಳು, "ಹಂಗಾರ ಒಂದು ಡಿಎನ್ಎ ಕಿಟ್ ತರಸೂಣು" ಅಂದಳು. ನಮ್ಮ ಮೇಲಿನ ಮನೆಯವರಿಗೆ ಅಮೆರಿಕದಲ್ಲಿರುವ ಮಗ ಅಂಥದ್ದು ಮಾಡಿಸಿದ್ದಾನೆ. ಉಗುಳು ಕಳಿಸಿದ್ದಕ್ಕೆ ಬಂದ ಉತ್ತರ, ನೀವು ದಕ್ಷಿಣ ಏಷ್ಯಾದವರು ಎಂದು. ಅಷ್ಟು ನಮಗೂ ಗೊತ್ತಿತ್ತು. ಕುತೂಹಲಕ್ಕೆ ಇಂಥ ಪರೀಕ್ಷೆ ಮಾಡಿಸುವುದು ಫ್ರಾನ್ಸಿನಲ್ಲಿ ಕಾನೂನಿಗೆ ವಿರುದ್ಧ, 3,750 ಯೂರೋವರೆಗೆ ದಂಡ ಇದೆ. ನನಗೆ ಆ ಕಾನೂನು ಅತಿಯಾಯಿತು ಅನಿಸುವುದಿಲ್ಲ. ಒಬ್ಬರು ಉಗುಳಿದರೆ ಅಣ್ಣತಮ್ಮಂದಿರ, ಚಿಕ್ಕಪ್ಪ ದೊಡ್ಡಪ್ಪಂದಿರ ಗುಟ್ಟೂ ಅದರೊಳಗೆ ಹೋಗಿಬಿಡುತ್ತದೆ.

ಅದಕ್ಕಿಂತ ದೊಡ್ಡ ತೊಡಕು ಬೇರೆ ಇದೆ. ಮಗಳಲ್ಲಿ ವೈ ಕ್ರೋಮೋಸೋಮ್ ಇಲ್ಲ. ಅವಳ ಉಗುಳಿನಲ್ಲಿ ಮೆಣಸಿನಕಾಯಿಯ ಜಾಡು ಹುಡುಕಲು ಬರುವುದೇ ಇಲ್ಲ, ಹುಡುಕಬೇಕಾದರೆ ಅವಳ ಅಪ್ಪ ಉಗುಳಬೇಕು. ಅವಳಲ್ಲಿ ಬದಲಾಗದೆ ಇಳಿದು ಬಂದಿರುವುದು ಮೈಟೋಕಾಂಡ್ರಿಯಾದ ಡಿಎನ್ಎ. ಅದು ನನ್ನದು, ನಮ್ಮವ್ವನದು, ಅವ್ವನ ಅವ್ವನದು. ಅವ್ವ ಹುಟ್ಟಿದ್ದು ಬಳಿಗಾರರ ಮನೆಯಲ್ಲಿ, ಅಜ್ಜಿ ಬಂದದ್ದು ಅಂಗಡಿಯವರ ಮನೆಯಿಂದ, ಅದರಾಚೆಯ ಹೆಸರು ಯಾರಿಗೂ ನೆನಪಿಲ್ಲ. ಪ್ರತಿ ತಲೆಮಾರಿಗೂ ಹೆಸರು ಬದಲಾದ ಈ ಸಾಲಿಗೆ ಅಡ್ಡಹೆಸರು ಎಂಬುದೇ ಇಲ್ಲ. ಲೆಕ್ಕ ಹಾಕಿ ನೋಡಿದೆ. ಮೆಣಸಿನಕಾಯಿ ಬಂದು ಐದುನೂರು ವರ್ಷ, ತಲೆಮಾರಿಗೆ ಇಪ್ಪತ್ತೈದು ಎಂದರೆ ಇಪ್ಪತ್ತು ತಲೆಮಾರು. ಅಷ್ಟು ಹಿಂದಕ್ಕೆ ಹೋದರೆ ವಂಶವೃಕ್ಷದ ಆ ಒಂದು ಸಾಲಿನಲ್ಲೇ 10 ಲಕ್ಷಕ್ಕೂ ಮೇಲ್ಪಟ್ಟು ಜಾಗ. ಬಳಗದಲ್ಲೇ ಕೊಟ್ಟು ತಂದು ಮಾಡುವ ನಮ್ಮಲ್ಲಿ ಒಬ್ಬರೇ ಹಲವು ಜಾಗದಲ್ಲಿ ಕೂತಿರುತ್ತಾರೆ, ಆ ಮಾತು ಬೇರೆ. ಹೆಸರು ಬರುವುದು ಆ ಲಕ್ಷಗಳಲ್ಲಿ ಒಂದು ಜಾಗದಿಂದ.

ಮಹಾರಾಷ್ಟ್ರ ಸರಕಾರ 2024ರಲ್ಲಿ ಒಂದು ಒಳ್ಳೆಯ ನಿಯಮ ಮಾಡಿತು. ಆ ವರ್ಷದ ಮೇ 1ರಿಂದ ಹುಟ್ಟಿದವರ ಸರಕಾರಿ ದಾಖಲೆಗಳಲ್ಲಿ ಮಗುವಿನ ಹೆಸರಾದ ಮೇಲೆ ತಾಯಿಯ ಹೆಸರು, ಆಮೇಲೆ ತಂದೆಯದು, ಕೊನೆಗೆ ಅಡ್ಡಹೆಸರು. ನಮ್ಮವಳು ಹದಿನೈದು ವರ್ಷ ಮೊದಲೇ ಹುಟ್ಟಿಬಿಟ್ಟಳು.

ಮಾತು ಬಿಟ್ಟಿದ್ದ ಅಜ್ಜ ಮೂರನೇ ದಿನ ತಾವಾಗಿಯೇ ಬಾಯಿ ತೆರೆದರು. "ಬದಲ್ ಮಾಡೂದಾದ್ರ ಮಾಡವಾ. ಆದ್ರ ಹೊಸಾದು ಏನಂತ ಇಡ್ತೀ, ಅದನ್ನ ಹೇಳು" ಅಂದರು. ಅವಳು ಅಕ್ಕಿ ಅಂತ ಇಟ್ಟು ನೋಡಿದಳು, ಗದಗಕರ ಅಂತ ನೋಡಿದಳು, ಬರೀ ನನ್ನ ಹೆಸರನ್ನು ಹಚ್ಚಿ ನೋಡಿದಳು. ಪ್ವಾವ್ರ್ ಅಂತಲೂ ಒಮ್ಮೆ ಬರೆದು ಹೊಡೆದುಹಾಕಿದಳು. ಸದ್ಯಕ್ಕೆ ಶಾಲೆಯ ಅರ್ಜಿಯಲ್ಲಿ ಮೆಣಸಿನಕಾಯಿ ಅಂತಲೇ ತುಂಬಿದ್ದಾಳೆ, ಮುಂದಿನದು ಹದಿನೆಂಟು ತುಂಬಿದ ಮೇಲೆ ಅಂತೆ. ಈಗಿನ ತಕರಾರು ಬೇರೆ. ಇಂಗ್ಲಿಷಿನಲ್ಲಿ ಅವಳ ಆಧಾರ್ ಕಾರ್ಡಿನ ಹೆಸರು ಐ ಅಕ್ಷರಕ್ಕೆ ಮುಗಿಯುತ್ತದೆ, ಅಪ್ಪನ ಪ್ಯಾನ್ ಕಾರ್ಡಿನದು ವೈ ಅಕ್ಷರಕ್ಕೆ. ಯಾರದನ್ನು ತಿದ್ದಿಸುವುದು ಎಂದು ಇನ್ನೂ ತೀರ್ಮಾನ ಆಗಿಲ್ಲ.