ತಂಬೂರಿ ಕಲಿಸುವ ಶಬ್ದಪಾಠ

ಅರಕಲಗೂಡು ತಾಲ್ಲೂಕಿನಲ್ಲಿ, ಕಾವೇರಿ ದಂಡೆಯ ಮೇಲೆ, ಸಂಗೀತಗ್ರಾಮ ರುದ್ರಪಟ್ಟಣವಿದೆ. ಗಾಯಕ ಆರ್.ಕೆ. ಶ್ರೀಕಂಠನ್ 1920ರಲ್ಲಿ ಹುಟ್ಟಿದ ಊರದು. ವಿದ್ವಾನ್ ಆರ್.ಕೆ. ಪದ್ಮನಾಭ ಅವರು ಅಲ್ಲಿ ಕಟ್ಟಿಸಿದ ಸಪ್ತಸ್ವರ ದೇವತಾ ಧ್ಯಾನ ಮಂದಿರದ ಆಕಾರವೇ ತಂಬೂರಿ. ಶಬ್ದ ಎಂದರೇನು ಎಂದು ಈ ಸೀಮೆಯ ಮಕ್ಕಳು ಕೇಳಿದರೆ ಅವರ ಮುಂದೆ ತಂಬೂರಿಯನ್ನೇ ಇಡಬಹುದು.

ಅದುರು, ವೇಗ

ಮೀಟಿದ ತಂತಿಯ ಅದುರು, ತಂತಿಯನ್ನು ಹೊತ್ತ ‘ಕುದುರೆ’ಯ ಮೂಲಕ ಹಲಗೆಗೆ ಇಳಿಯುತ್ತದೆ. ಅಗಲವಾದ ಹಲಗೆ ಸುತ್ತಲ ಗಾಳಿಯನ್ನು ಅಲುಗಿಸುತ್ತದೆ. ಗಾಳಿ ಒಮ್ಮೆ ಒತ್ತಾಗಿ, ಒಮ್ಮೆ ತೆಳುವಾಗಿ ಮುಂದೆ ಸಾಗುವ ಈ ಸರಣಿಯೇ ಶಬ್ದತರಂಗ. ಗಾಳಿಯ ಕಣಗಳು ಇದ್ದಲ್ಲೇ ಹಿಂದೆಮುಂದೆ ಆಡುತ್ತವೆ. ಕಿವಿ ಮುಟ್ಟುವುದು ಅದುರು. 20 ಡಿಗ್ರಿ ಸೆಲ್ಸಿಯಸ್ ಗಾಳಿಯಲ್ಲಿ ಅದರ ವೇಗ ಸೆಕೆಂಡಿಗೆ ಸುಮಾರು 343 ಮೀಟರ್. ಮಿಂಚು ಕಂಡ ಮೂರು ಸೆಕೆಂಡಿಗೆ ಗುಡುಗು ಕೇಳಿದರೆ ಸಿಡಿಲು ಹೆಚ್ಚುಕಡಿಮೆ ಒಂದು ಕಿಲೋಮೀಟರ್ ದೂರದಲ್ಲಿದೆ. ನೀರಿನಲ್ಲಿ ಶಬ್ದದ ವೇಗ ಗಾಳಿಯಲ್ಲಿರುವುದರ ನಾಲ್ಕು ಪಟ್ಟಿಗೂ ಹೆಚ್ಚು. ಗಾಳಿಯೂ ನೀರೂ ಏನೂ ಇಲ್ಲದ ಕಡೆ ಶಬ್ದವೇ ಇಲ್ಲ.

ಆವೃತ್ತಿ, ತರಂಗದೂರ, ಪಾರ

ತಂತಿ ಸೆಕೆಂಡಿಗೆ ಎಷ್ಟು ಸಲ ಅದುರುತ್ತದೆ ಎಂಬುದು ಆವೃತ್ತಿ, ಅಳತೆ ಹರ್ಟ್ಸ್. ನಮ್ಮ ಕಿವಿಗೆ ಕೇಳುವುದು 20ರಿಂದ 20,000 ಹರ್ಟ್ಸ್‌ವರೆಗೆ. ತಂಬೂರಿಯನ್ನು ‘ಒಂದು ಮನೆ’ ಶ್ರುತಿಗೆ ಕೂಡಿಸಿದರೆ ಸಾರಣಿ ತಂತಿ ಸುಮಾರು 131 ಹರ್ಟ್ಸ್, ದಪ್ಪನೆಯ ಮಂದರ ಅದರ ಅರ್ಧ, ಪಂಚಮ ಮಂದರದ ಒಂದೂವರೆ ಪಟ್ಟು, ಅಂದರೆ ಸುಮಾರು 98. ವೇಗವನ್ನು ಆವೃತ್ತಿಯಿಂದ ಭಾಗಿಸಿದರೆ ತರಂಗದೂರ ಸಿಗುತ್ತದೆ: ಸಾರಣಿಯದು 2.6 ಮೀಟರ್, ಮಂದರದ್ದು ಅದರ ಎರಡರಷ್ಟು. ಬಿರಡೆ ಬಿಗಿದರೆ ಆವೃತ್ತಿ ಏರುತ್ತದೆ. ಜೋರಾಗಿ ಮೀಟಿದರೆ ಏರುವುದು ಪಾರ, ಅಂದರೆ ಅದುರಿನ ಹರವು. ಸ್ವರ ಅದೇ, ಸದ್ದು ದೊಡ್ಡದು.

ಜೀವದ ಎಳೆ

ಒಂದೇ ಸ್ವರವನ್ನು ಕೊಳಲೂ ತಂಬೂರಿಯೂ ನುಡಿಸಿದಾಗ ಯಾವುದು ಯಾವುದೆಂದು ಗೊತ್ತಾಗುತ್ತದಲ್ಲವೇ? ಮೂಲ ಆವೃತ್ತಿಯ ಜೊತೆಗೆ ಅದರ ಎರಡು, ಮೂರು, ನಾಲ್ಕು ಪಟ್ಟಿನ ಉಪಸ್ವರಗಳೂ ಹುಟ್ಟುತ್ತವೆ. ಅವುಗಳ ಬೆರಕೆಯೇ ನಾದಗುಣ. ತಂಬೂರಿಯ ಕುದುರೆಯ ಬೆನ್ನು ಅಗಲ, ತುಸು ಬಾಗು. ಅದರ ಮೇಲೆ ತಂತಿಯ ಕೆಳಗೆ ಸಿಕ್ಕಿಸಿದ ನೂಲಿನೆಳೆಗೆ ‘ಜೀವ’ ಎಂಬ ಹೆಸರು. ಎಳೆಯನ್ನು ಕೂದಲಷ್ಟು ಸರಿಸಿದರೂ ತಂತಿ ಕುದುರೆಯನ್ನು ಸವರುವ ಬಗೆ ಬದಲಾಗಿ ಉಪಸ್ವರಗಳು ಝೇಂಕರಿಸುತ್ತವೆ. ಸಿ.ವಿ. ರಾಮನ್ 1921ರಲ್ಲಿ ವೀಣೆ, ತಂಬೂರಿಗಳ ಕುದುರೆಯ ಈ ಗುಣದ ಬಗ್ಗೆ ಬರೆದರು. ಮೀಟಿದ ಜಾಗದ ಲೆಕ್ಕದಂತೆ ಹುಟ್ಟಲೇಬಾರದ ಉಪಸ್ವರಗಳೂ ಇಲ್ಲಿ ಗಟ್ಟಿಯಾಗಿ ಕೇಳುವುದನ್ನು ಅವರು ಗುರುತಿಸಿದ್ದರು.

ನೀವೇ ಮಾಡಿ ನೋಡಿ

ನಡುವಿನ ಎರಡು ಸಾರಣಿ ತಂತಿಗಳನ್ನು ಒಟ್ಟಿಗೆ ಮೀಟಿ. ಒಂದು 131, ಇನ್ನೊಂದು 129 ಇದ್ದರೆ ಸದ್ದು ಸೆಕೆಂಡಿಗೆ ಎರಡು ಸಲ ಉಬ್ಬಿ ಇಳಿಯುತ್ತದೆ. ಬಿರಡೆ ತಿರುಗಿಸಿ ಹತ್ತಿರ ತಂದಂತೆ ಉಬ್ಬರ ನಿಧಾನವಾಗುತ್ತದೆ. ಕೊನೆಯ ಸಣ್ಣ ಅಂತರವನ್ನು ಕುದುರೆಯ ಕೆಳಗಿನ ಮಣಿ ಸರಿಸಿ ಮುಚ್ಚಬೇಕು. ಉಬ್ಬರ ಪೂರ್ತಿ ಅಡಗಿದಾಗ ಶ್ರುತಿ ಸೇರಿತು. ಒಂದು ಹರ್ಟ್ಸ್‌ಗಿಂತ ಚಿಕ್ಕ ಅಂತರವನ್ನು ಯಾವ ಯಂತ್ರವೂ ಇಲ್ಲದೆ ಆಗ ನಿಮ್ಮ ಕಿವಿಯೇ ಅಳೆದಿರುತ್ತದೆ.