ಸರ್ದಾರ್ ಪಟೇಲರ ವಾರ್ಡು

ಸರ್ದಾರ್ ಪಟೇಲರು ಗೆದ್ದ ಮೊದಲ ಚುನಾವಣೆ ಯಾವುದು ಗೊತ್ತಾ?
ಅಹಮದಾಬಾದ್ ಪುರಸಭೆಯ ದರಿಯಾಪುರ ವಾರ್ಡು!

ಇಸವಿ 1917.
ಪಟೇಲರು ಆಗ ಹೆಸರು ಮಾಡಿದ ಬ್ಯಾರಿಸ್ಟರ್.
ಕೈತುಂಬಾ ಕೇಸು, ಸಂಜೆ ಕ್ಲಬ್ಬಿನಲ್ಲಿ ಇಸ್ಪೀಟು.
ಅಂಥವರು ಪುರಸಭೆಯಲ್ಲಿ ವಹಿಸಿಕೊಂಡಿದ್ದು ನೈರ್ಮಲ್ಯ ಸಮಿತಿ.
ಅಂದ್ರೆ ಚರಂಡಿ, ಕಸ, ಕಕ್ಕಸು.

ಅದೇ ವರ್ಷ ಊರಿಗೆ ಪ್ಲೇಗ್ ಬಂತು.
ಶಾಲೆ, ಕೋರ್ಟು ಮುಚ್ಚಿದವು.
ಜನ ಗಂಟುಮೂಟೆ ಕಟ್ಟಿದರು.
ಪಟೇಲರು ಊರು ಬಿಡಲಿಲ್ಲ.
ಇಕ್ಕಟ್ಟಾದ ಓಣಿ ಓಣಿ ಸುತ್ತಿದರು,
ಎದುರು ನಿಂತು ಚರಂಡಿ ತೊಳೆಸಿದರು.
ಮನೆಗೆ ಬೆಂಕಿ ಬಿದ್ದಾಗ ಎಲ್ಲರೂ ಹೊರಗೆ ಓಡ್ತಾರೆ.
ಒಬ್ಬರು ಮಾತ್ರ ಕೊಡ ಹಿಡಿದು ಒಳಗೆ ನುಗ್ತಾರಲ್ಲ,
ಹಾಗೆ!
ಅವರ ಬದುಕಿನಲ್ಲಿ ನನಗೆ ತುಂಬಾ ಇಷ್ಟವಾದ ಭಾಗ ಇದೇ.

1924ರಲ್ಲಿ ಅವರೇ ಪುರಸಭೆಯ ಅಧ್ಯಕ್ಷರು.
1927ರ ಜುಲೈ.
ಮಳೆಯೋ ಮಳೆ.
ಮಧ್ಯರಾತ್ರಿ ಮನೆಯಿಂದ ಹೊರಟರು.
ನೆನೆಯುತ್ತಲೇ ಬೀದಿ ಸುತ್ತಿದರು.
ಎಂಜಿನಿಯರನ್ನು ಎಬ್ಬಿಸಿ ಕರೆದುಕೊಂಡು ಹೋದರು.
ಮೋರಿ ಒಡೆಸಿ, ನಿಂತ ನೀರಿಗೆ ದಾರಿ ಮಾಡಿಸಿದರು.

1928ರಲ್ಲಿ ಅಧ್ಯಕ್ಷ ಸ್ಥಾನ ಬಿಟ್ಟರು.
ಅದೇ ವರ್ಷ ಬಾರ್ಡೋಲಿಯಲ್ಲಿ ರೈತರ ಸತ್ಯಾಗ್ರಹ ಮುನ್ನಡೆಸಿದರು.
ದರಿಯಾಪುರದ ವಾರ್ಡ್ ಸದಸ್ಯ ವಲ್ಲಭಭಾಯಿ,
ಬಾರ್ಡೋಲಿಯ ರೈತರ ಬಾಯಲ್ಲಿ ‘ಸರ್ದಾರ್’ ಆದರು.