ನಿಂಬೆಯನ್ನು ಹಿಂದಿಕ್ಕಿದ ಮೊಳಕೆಕಾಳು

ಧನುರ್ಮಾಸದ ಚಳಿಯಲ್ಲಿ ಮಾಗಡಿ ಸೀಮೆಗೆ ಹೋದರೆ ದಾರಿ ತೋರಿಸುವುದು ಮೂಗೇ. ಗುಡೇಮಾರನಹಳ್ಳಿ ಕಡೆ ರಸ್ತೆಬದಿ ಅವರೆಕಾಯಿ ರಾಶಿಯ ಮುಂದೆ ಕೂತು ಸೊನೆಗಾಯಿ ಆರಿಸುತ್ತಿದ್ದೆ. ಜೊತೆಗಿದ್ದ ಅಕ್ಕನ ಮಗಳು, 'ಮಾವ, ಅದರ ಬದಲು ಕಿತ್ತಳೆ ತಗೊಳ್ಳಿ. ಸಿ ವಿಟಮಿನ್ ಇರುತ್ತೆ. ಇದರಲ್ಲೇನಿದೆ, ಬರೀ ಗ್ಯಾಸು' ಅಂದಳು. ಅವರೆಯ ಪರ ವಕಾಲತ್ತು ಹುಡುಕಲು ಹೊರಟವನಿಗೆ ಸಿಕ್ಕಿದ್ದು ಮೊದಲ ಮಹಾಯುದ್ಧದ ಪ್ರಸಂಗ.

ಬರೀ ಅಂಕಿ ನೋಡಿದರೆ ಹುಡುಗಿಯೇ ಗೆದ್ದಳು. ನೂರು ಗ್ರಾಂ ಕಿತ್ತಳೆಯಲ್ಲಿ ಸುಮಾರು 53 ಮಿಲಿಗ್ರಾಂ ಸಿ ವಿಟಮಿನ್. ಎಳೆ ಅವರೆಕಾಯಲ್ಲಿ 13ರ ಆಸುಪಾಸು. ಒಣಕಾಳಿನಲ್ಲಿ ಸುಮಾರು 24 ಗ್ರಾಂ ಪ್ರೋಟೀನ್ ಇದೆ, ಕಿತ್ತಳೆಯಲ್ಲಿ ಒಂದು ಗ್ರಾಮೂ ಇಲ್ಲ, ನಿಜ. ಆದರೆ ಒಣಗಿದ ಕಾಳಿಗೆ ಸಿ ವಿಟಮಿನ್ ಹೆಸರಿಗೂ ಉಳಿಯುವುದಿಲ್ಲ. ಇದಕ್ಕೆ ಬೆಲೆ ತೆತ್ತವರು ನಮ್ಮವರೇ. 1915–16ರಲ್ಲಿ ಬ್ರಿಟಿಷ್ ಸೇನೆಯಿದ್ದ ಮೆಸೊಪೊಟೇಮಿಯಾದ ಕೂಟ್ ಪಟ್ಟಣ ಮುತ್ತಿಗೆಗೆ ಸಿಕ್ಕಿತು. ಕುದುರೆ ಮಾಂಸ ತಿಂದ ಬ್ರಿಟಿಷ್ ಸೈನಿಕರಿಗೆ ಬೆರಿಬೆರಿ ಬಂತು. ಹಿಟ್ಟು, ಒಣಬೇಳೆಯ ಪಡಿ ಉಂಡ ಭಾರತೀಯರಿಗೆ ಸ್ಕರ್ವಿ. ಒಸಡು ಊದಿ ರಕ್ತ ಸೋರುವ ಕಾಯಿಲೆ.

ಕಿತ್ತಳೆ, ಲೆಮನ್ ಅದಕ್ಕೆ ಮದ್ದು ಎಂಬುದನ್ನು 1747ರಲ್ಲೇ ಹಡಗಿನ ವೈದ್ಯ ಜೇಮ್ಸ್ ಲಿಂಡ್ 12 ಜನ ನಾವಿಕರ ಮೇಲೆ ಪ್ರಯೋಗಿಸಿ ಕಂಡಿದ್ದ. ಆದರೆ ಮರುಭೂಮಿಗೆ ಹಣ್ಣು ಸಾಗಿಸುವುದು ಹೇಗೆ? ಲಂಡನ್ನಿನ ಲಿಸ್ಟರ್ ಸಂಸ್ಥೆಯ ಹ್ಯಾರಿಯೆಟ್ ಚಿಕ್ ಮತ್ತು ಜೊತೆಗಾತಿಯರು ಕೊಟ್ಟ ಉತ್ತರ ನಮ್ಮ ಯಾವ ಅಜ್ಜಿಗೂ ಹೊಸತಲ್ಲ: ಕಾಳು ನೆನೆಹಾಕಿ, ಒದ್ದೆಯಾಗಿಟ್ಟು ಮೊಳಕೆ ಬರಿಸಿ. ಮೊಳೆಯುವಾಗ ಕಾಳು ತಾನೇ ಸಿ ವಿಟಮಿನ್ ತಯಾರಿಸಿಕೊಳ್ಳುತ್ತದೆ. ಹೆಚ್ಚು ಬೇಯಿಸಿದರೆ ಅದು ಹೋಗುತ್ತದೆ ಎಂದೂ ಚಿಕ್ ಎಚ್ಚರಿಸಿದ್ದರು.

ಪರೀಕ್ಷೆ ನಡೆದದ್ದು ಸರ್ಬಿಯಾದ ಸೈನಿಕರ ಮೇಲೆ. ವೈದ್ಯ ವಿಲ್ಟ್‌ಶೈರ್ 30 ಸ್ಕರ್ವಿ ರೋಗಿಗಳಿಗೆ ತಾಜಾ ಲೆಮನ್ ರಸ ಕೊಟ್ಟ, 27 ಜನರಿಗೆ ಮೊಳಕೆ ಬಂದ ಹುರುಳಿಕಾಯಿ ಬೀಜ. ನಾಲ್ಕು ವಾರದೊಳಗೆ ಗುಣವಾದವರು ಲೆಮನ್ ಗುಂಪಿನಲ್ಲಿ ನೂರಕ್ಕೆ 53, ಮೊಳಕೆ ಗುಂಪಿನಲ್ಲಿ 70! 1918ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಇದು ಪ್ರಕಟವಾಯಿತು. ಚಿಕ್ಕ ಗುಂಪು, ಒಂದೇ ಪರೀಕ್ಷೆ, ಕುಣಿದಾಡುವಂಥದ್ದಲ್ಲ. ಆದರೂ ನಾನು ಕುಣಿದೆ.

ಅದೇ ಕಾಲದಲ್ಲಿ ಇನ್ನೊಂದು ಗುಟ್ಟೂ ಬಯಲಾಯಿತು. ಬ್ರಿಟಿಷ್ ನೌಕಾಪಡೆ 1860ರ ದಶಕದಲ್ಲಿ ಮೆಡಿಟರೇನಿಯನ್ ಲೆಮನ್ ಬಿಟ್ಟು ವೆಸ್ಟ್ ಇಂಡೀಸಿನ ಲೈಮ್ ಹಿಡಿದಿತ್ತು. ಲೈಮ್ ಅಂದರೆ ನಮ್ಮ ಸಂತೆಯ ಪುಟ್ಟ ನಿಂಬೆಯ ಜಾತಿ. ಅದರ ರಸವನ್ನೇ ನಂಬಿ 1875ರಲ್ಲಿ ಉತ್ತರ ಧ್ರುವದ ಕಡೆ ಹೋದ ಕ್ಯಾಪ್ಟನ್ ನೇರ್ಸ್‌ನ ಬ್ರಿಟಿಷ್ ತಂಡ ಸ್ಕರ್ವಿಯಿಂದ ನರಳಿ ಮರಳಿತು. ಲಿಸ್ಟರ್ ಸಂಸ್ಥೆಯವರು ಗಿನಿ ಇಲಿಗಳ ಮೇಲೆ ಅಳೆದರೆ ಲೈಮ್ ರಸದ ಶಕ್ತಿ ಲೆಮನ್ನಿನ ಕಾಲುಭಾಗವಷ್ಟೇ. ಎರಡೂ ಹಳದಿ, ಎರಡೂ ಹುಳಿ. ಹೆಸರಿನ ಗೊಂದಲಕ್ಕೆ ನಾವಿಕರು ಹಲ್ಲು ಕಳೆದುಕೊಂಡರು.

ನಮ್ಮ ಗೊಂದಲ ಬೇರೆ. ಹಗಲು ಕಿರಿದಾದಾಗ ಮಾತ್ರ ಹೂ ಬಿಟ್ಟು, ರಾಗಿ ಹೊಲದ ಅಕ್ಕಡಿ ಸಾಲಿನಲ್ಲಿ ಇಬ್ಬನಿ ಕುಡಿದು ಬೆಳೆಯುತ್ತಿದ್ದ ಅವರೆಯ ಜಾಗಕ್ಕೆ ವರ್ಷವಿಡೀ ಬಿಡುವ ತಳಿಗಳು ಬಂದಿವೆ. ರೈತರಿಗೆ ಒಳ್ಳೆಯದೇ, ಬೇಡವೆನ್ನಲು ನಾನ್ಯಾರು? ಆದರೆ ಸಿಪ್ಪೆಯ ಎಣ್ಣೆಯಂಟಿನಲ್ಲಿ ಕೂತಿರುವ ಆ ಸೊಗಡು, ಬಿಡಿಸಿದ ಬೆರಳಿಗೆ ಎರಡು ದಿನ ಮೆತ್ತಿಕೊಳ್ಳುತ್ತಿದ್ದುದು, ಆಷಾಢದಲ್ಲಿ ಕೊಂಡ ಕಾಯಲ್ಲಿ ನನ್ನ ಮೂಗಿಗೆ ಸಿಕ್ಕಿಲ್ಲ. ಪ್ಲಾಸ್ಟಿಕ್ ಚೀಲದ ಹಿತಕಿದ ಬೇಳೆಯ ಮಾತಂತೂ ಎತ್ತಲಾರೆ.

ಮೊನ್ನೆ ಮನೆಯಲ್ಲಿ ಹಳೇ ಪಂಚೆ ತುಂಡಿನಲ್ಲಿ ಹುರುಳಿ ಗಂಟು ಕಟ್ಟಿಟ್ಟು ಸರ್ಬಿಯಾದ ಕಥೆ ಹೇಳಿದೆ. ಹುಡುಗಿ ಮೊಳಕೆ ಉಸಲಿಯ ಮೇಲೆ ಅರ್ಧ ನಿಂಬೆ ಹಿಂಡಿಕೊಂಡಳು. 'ಕಾಳಿನ ಕಬ್ಬಿಣ ಮೈಗೆ ಹತ್ತೋದಕ್ಕೆ ಹುಳಿಯ ಸಿ ವಿಟಮಿನ್ ಬೇಕು ಮಾವ' ಅಂದಳು. ಅದೂ ನಿಜವೇ. ಉಳಿದ ಅರ್ಧವನ್ನು ನನ್ನ ತಟ್ಟೆಯತ್ತ ತಳ್ಳಿದಳು.